ಕೊನೆಯ ಪುಟದಿಂದ ಕುರ್‌ಆನಿಗೆ

ಪುಸ್ತಕವನ್ನು ನಾನು ತೆರೆದದ್ದೇ ತಪ್ಪು ಕಡೆಯಿಂದ! ಅರಬಿ ಬಲದಿಂದ ಎಡಕ್ಕೆ ಹರಿಯುವ ಲಿಪಿ ಎಂದು ತಲೆಗೆ ಗೊತ್ತಿತ್ತು. ಆದರೆ ಜೀವಮಾನವಿಡೀ ಕನ್ನಡ ಪುಸ್ತಕ ತಿರುವಿದ ಕೈ ತಲೆಯ ಮಾತು ಕೇಳಬೇಕಲ್ಲ. ರಟ್ಟನ್ನು ಎಂದಿನಂತೆ ಎಡಕ್ಕೆ ಮಗುಚಿದೆ. ಮೊದಲ ಪುಟ ಅಂದುಕೊಂಡದ್ದು ಕೊನೆಯ ಪುಟ. ಅಲ್ಲಿ 114ನೆಯ ಅಧ್ಯಾಯ, ಅದರ ಮೇಲೆ 113, ಅದರ ಮೇಲೆ 112. ಮೂರೂ ಸೇರಿ ಅಂಗೈಯಗಲ. ಎದುರು ಮನೆಯ ಹತ್ತು ವರ್ಷದ ಹುಡುಗಿ, ಶಾಲೆಗೆ ಮುಂಚೆ ದಿನಾ ಮದರಸಕ್ಕೆ ಓಡುವವಳು, ನನ್ನ ಅವಸ್ಥೆ ನೋಡಿ ಕಿಸಕ್ಕನೆ ನಕ್ಕಳು. ನಕ್ಕು ಹೇಳಿದಳು: "ಪರವಾಗಿಲ್ಲ ಬಿಡಿ, ನಾವೂ ಅಲ್ಲಿಂದಲೇ ಶುರು ಮಾಡೋದು."

ಅಲ್ಲಿಂದಲೇ! ಆ ಒಂದು ಮಾತಿಗೆ ನನ್ನ ಎರಡು ಸೋಲುಗಳ ಗುಟ್ಟು ಬಿಚ್ಚಿಕೊಂಡಿತು. ಇದಕ್ಕೆ ಮೊದಲು ಎರಡು ಸಲ ಕನ್ನಡ ಅನುವಾದ ಹಿಡಿದು ಕಾದಂಬರಿ ಓದುವವನಂತೆ ಮೊದಲ ಪುಟದಿಂದ ಹೊರಟಿದ್ದೆ. 7 ಸೂಕ್ತಗಳ ಅಲ್‌ಫಾತಿಹಾ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಿತು. ಮುಂದಿನದು ಅಲ್‌ಬಕರಾ, 286 ಸೂಕ್ತಗಳ ಮಹಾರಣ್ಯ. ಆದಮನ ಕಥೆ, ಮೂಸಾನ ಕಥೆ, ಉಪವಾಸ, ವಿಚ್ಛೇದನ, ದಾನ, ಯುದ್ಧ, ಬಡ್ಡಿ. ಯಾವ ಕಾಲುದಾರಿ ಎಲ್ಲಿಗೆ ಕೂಡುತ್ತದೆಂದು ತಿಳಿಯದೆ ಎರಡು ಸಲವೂ ನಡುಗಾಡಿನಿಂದ ವಾಪಸು ಬಂದಿದ್ದೆ.

ಕುರ್‌ಆನಿನ 114 ಅಧ್ಯಾಯಗಳು ಅವತರಿಸಿದ ಕಾಲದ ಕ್ರಮದಲ್ಲಿ ಇಲ್ಲವೇ ಇಲ್ಲ. ಹೆಚ್ಚುಕಡಿಮೆ ಉದ್ದದ ಲೆಕ್ಕದಲ್ಲಿವೆ. ಅಲ್‌ಫಾತಿಹಾವನ್ನು ಹೊಸ್ತಿಲೆಂದು ಬಿಟ್ಟರೆ ಉದ್ದನೆಯವು ಮುಂದೆ, ಪುಟ್ಟವು ಹಿಂದೆ. ಇಸವಿ 610ರಲ್ಲಿ ಮಕ್ಕಾದ ಪಕ್ಕದ ಹಿರಾ ಗುಹೆಯಲ್ಲಿ ಪ್ರವಾದಿ ಮುಹಮ್ಮದರಿಗೆ ಮೊದಲು ಕೇಳಿಸಿದ್ದು "ಓದು" ಎಂಬ ಆಜ್ಞೆ ಎನ್ನುತ್ತದೆ ಪರಂಪರೆ. ಅದು ಈಗ ಎಲ್ಲಿದೆ? 96ನೆಯ ಅಧ್ಯಾಯದಲ್ಲಿ! ಅಲ್ಲಿಂದ 632ರವರೆಗೆ ಸುಮಾರು 23 ವರ್ಷ, ಮೊದಲು ಮಕ್ಕಾದಲ್ಲಿ, ಆಮೇಲೆ ಮದೀನಾದಲ್ಲಿ, ಮಾತುಗಳು ಇಳಿದವು. ಮಕ್ಕಾದ ಆರಂಭದ ವರ್ಷಗಳ ಬಿರುಸಾದ, ಉಸಿರು ಕಟ್ಟಿಸುವ ಪುಟ್ಟ ಅಧ್ಯಾಯಗಳು ಬಹುಪಾಲು ಹಿಂಬದಿಯಲ್ಲಿವೆ. ಹಾಗಾದರೆ ಪುಸ್ತಕದ ಕೊನೆಯೇ ಕಾಲದ ಮೊದಲು! (110ನೆಯದು ಮಾತ್ರ ಈ ಲೆಕ್ಕ ಕೆಡಿಸುವ ಪೋರ. ಮೂರೇ ಸೂಕ್ತ, ಆದರೆ ತೀರಾ ಕೊನೆಗೆ ಬಂದವುಗಳಲ್ಲಿ ಒಂದೆಂದು ಎಣಿಸುತ್ತಾರೆ.)

ಓದುವ ಅನುಕೂಲಕ್ಕೆ ಗ್ರಂಥವನ್ನು 30 ಸಮಭಾಗ ಮಾಡಿದ್ದಾರೆ. ಅರಬಿಯಲ್ಲಿ ಜುಝ್, ನಮ್ಮ ಕಡೆ ಪಾರಾ. ರಮಜಾನಿನ ರಾತ್ರಿ ನಮಾಜಿನಲ್ಲಿ ದಿನಕ್ಕೊಂದರಂತೆ ಓದಿದರೆ ತಿಂಗಳಿಗೆ ಇಡೀ ಗ್ರಂಥ ಮುಗಿಯುತ್ತದೆ. ಮೂವತ್ತನೆಯದರಲ್ಲಿ 37 ಪುಟಾಣಿ ಅಧ್ಯಾಯಗಳು. ಅದರ ಮೊದಲ ಪದದಿಂದಲೇ ಬಂದ ಅದರ ಹೆಸರು ಕೇಳಿ: ಅಮ್ಮ ಪಾರಾ! ಅರಬಿಯಲ್ಲಿ ಆ 'ಅಮ್ಮ'ಕ್ಕೆ 'ಯಾವುದರ ಬಗ್ಗೆ' ಎಂದರ್ಥ, ತಾಯಿಗೂ ಅದಕ್ಕೂ ಸಂಬಂಧವಿಲ್ಲ. ಇರಲಿ, ಅಕ್ಷರ ಕಲಿತ ಕೂಸು ಅಮ್ಮನಿಂದ ಶುರು ಮಾಡುತ್ತದೆ ಎಂದು ಕನ್ನಡದ ಕಿವಿ ಖುಷಿಪಟ್ಟರೆ ಯಾರ ಗಂಟೇನು ಹೋದೀತು?

ಆ ಮೂವತ್ತನೆಯ ಪಾರಾದೊಳಗೆ ಏನೇನಿದೆ ಅಂತೀರಿ! 100ನೆಯ ಅಧ್ಯಾಯದಲ್ಲಿ ಕುದುರೆಗಳು ಏದುಸಿರು ಬಿಡುತ್ತ, ಗೊರಸಿನಿಂದ ಕಿಡಿ ಹಾರಿಸುತ್ತ ನಸುಕಿನಲ್ಲಿ ನುಗ್ಗುತ್ತವೆ. ಅರ್ಥ ತಿಳಿಯದಿದ್ದರೂ ಪ್ರಾಸದಲ್ಲೇ ಗೊರಸಿನ ಸದ್ದು ಕೇಳುತ್ತದೆ. 105ರಲ್ಲಿ ಆನೆಯ ದಂಡು, ಅದರ ಮೇಲೆ ಕಲ್ಲೆಸೆಯುವ ಹಕ್ಕಿಗಳ ಹಿಂಡು. ಐದೇ ಸೂಕ್ತದಲ್ಲಿ ಒಂದು ಯುದ್ಧ ಮುಗಿದುಹೋಗುತ್ತದೆ. 80ನೆಯದಂತೂ ನನ್ನನ್ನು ಕೂತಲ್ಲಿಂದ ಎಬ್ಬಿಸಿತು. ಊರಿನ ದೊಡ್ಡಕುಳಗಳೊಡನೆ ಮಾತಿನಲ್ಲಿದ್ದಾಗ ಕುರುಡನೊಬ್ಬ ಬಂದನೆಂದು ಮುಖ ಗಂಟಿಕ್ಕಿದ್ದಕ್ಕೆ ಅಲ್ಲಿ ಆಕ್ಷೇಪ ಬರುವುದು ಯಾರಿಗೆ? ಬಹುಪಾಲು ವ್ಯಾಖ್ಯಾನಕಾರರ ಪ್ರಕಾರ, ಸ್ವತಃ ಪ್ರವಾದಿಗೆ!

ಇನ್ನು 81. ಸೂರ್ಯ ಸುತ್ತಿಕೊಂಡಾಗ, ನಕ್ಷತ್ರ ಉದುರಿದಾಗ, ಬೆಟ್ಟ ಚಲಿಸಿದಾಗ, ಕಡಲು ಉಕ್ಕಿದಾಗ, ಹೀಗೆ 12 ಬಾರಿ 'ಆಗ, ಆಗ' ಎಂದು ವಾಕ್ಯ ಕಟ್ಟುತ್ತಲೇ ಹೋಗುತ್ತದೆ. ಮುಖ್ಯ ಕ್ರಿಯಾಪದ ಬರುವುದು 14ನೆಯ ಸೂಕ್ತದಲ್ಲಿ. ವಾಕ್ಯದ ಕೊನೆಯವರೆಗೂ ಕ್ರಿಯಾಪದ ಕಾಯುವುದು ನಮ್ಮ ಭಾಷೆಗೆ ರಕ್ತಗತ, ಹಾಗಾಗಿ ಕನ್ನಡಕ್ಕೆ ಇದು ಬಹಳ ಚೆಂದ ಒಗ್ಗುತ್ತದೆ. ಲೋಕವೆಲ್ಲ ಕುಸಿಯುವ ಈ ಗದ್ದಲದ ನಡುವೆ ಇದ್ದಕ್ಕಿದ್ದಂತೆ ಕ್ಯಾಮೆರಾ ಇಳಿದಂತೆ ಒಂದು ಹೆಣ್ಣುಕೂಸು ಕಾಣುತ್ತದೆ, ಹುಟ್ಟುತ್ತಲೇ ಜೀವಂತ ಹೂತುಹಾಕಿದ ಕೂಸು. ಯಾವ ತಪ್ಪಿಗೆ ನಿನ್ನನ್ನು ಕೊಂದರು ಎಂಬ ಪ್ರಶ್ನೆ ಅವಳಿಗೆ. ಪ್ರಳಯವನ್ನು ತಡೆದು ನಿಲ್ಲಿಸಿ ಕೇಳಿದ ಪ್ರಶ್ನೆ!

ಇಷ್ಟೆಲ್ಲ ಕಣ್ಣಲ್ಲಿ ಓದಿದ್ದು. ಆದರೆ ಕುರ್‌ಆನ್ ಎಂಬ ಪದದ ಅರ್ಥವೇ ಪಠಣ, ಗಟ್ಟಿಯಾಗಿ ಓದಿದ್ದು. ಈಜಿಪ್ಟಿನ ಮಹಮೂದ್ ಖಲೀಲ್ ಅಲ್‌ಹುಸರಿ ಇಡೀ ಗ್ರಂಥವನ್ನು ನಿಧಾನ ಲಯದಲ್ಲಿ ಓದಿದ ಧ್ವನಿಮುದ್ರಣ 1961ರದು. ಒಂದೊಂದು ಅಕ್ಷರವೂ ನೀರಲ್ಲಿ ತೊಳೆದಿಟ್ಟ ಗಾಜಿನ ಬಳೆಯಂತೆ ಕೇಳುತ್ತದೆ. ಹೊಸಬರಿಗೆ ನನ್ನ ಸಲಹೆ ಕೇಳುವುದಾದರೆ, ಕನ್ನಡ ಅನುವಾದ ಮುಂದಿಟ್ಟುಕೊಂಡು 55ನೆಯ ಅಧ್ಯಾಯ ಅರ್‌ರಹ್ಮಾನನ್ನು ಅವರ ದನಿಯಲ್ಲಿ ಹಾಕಿ. 78 ಸೂಕ್ತಗಳಲ್ಲಿ ಒಂದೇ ಪ್ರಶ್ನೆ 31 ಸಲ ಪಲ್ಲವಿಯಾಗಿ ಮರಳುತ್ತದೆ. ಹಾಳೆಯ ಮೇಲೆ ಇದೇನು ಪುನರಾವರ್ತನೆ ಎನಿಸಿದ್ದು ಕಿವಿಗೆ ಬಿದ್ದಾಗ ಅಲೆಯಾಗುತ್ತದೆ. ನಾಲ್ಕನೆಯದಕ್ಕೋ ಐದನೆಯದಕ್ಕೋ ನೀವೇ ಅದರ ಬರವಿಗೆ ಕಾಯತೊಡಗುತ್ತೀರಿ.

ಹೀಗೆ ಓದುವುದಕ್ಕೆ ತಜ್ವೀದ್ ಎಂಬ ಶಾಸ್ತ್ರವೇ ಇದೆ. ಯಾವ ಅಕ್ಷರ ಗಂಟಲಿನ ಯಾವ ಮೂಲೆಯಿಂದ ಹೊರಡಬೇಕು, ಎಷ್ಟು ಮಾತ್ರೆ ಎಳೆಯಬೇಕು, ಎಲ್ಲಿ ಮೂಗಿನಲ್ಲಿ ಗುನುಗಬೇಕು, ಎಲ್ಲವಕ್ಕೂ ಲೆಕ್ಕ. ಕಂಠ್ಯ, ತಾಲವ್ಯ, ಮೂರ್ಧನ್ಯ ಎಂದು ಬಾಯಿಪಾಠ ಮಾಡಿದ ನಮಗೆ ಇದು ತೀರಾ ಅಪರಿಚಿತವೇನಲ್ಲ. ಆದರೂ ಕಿರುನಾಲಿಗೆಯ ಬಳಿ ಹುಟ್ಟುವ ಕಾಫ್ ಅಕ್ಷರದ ಮುಂದೆ ಕನ್ನಡಿಗರು ಸೋತೆವೆಂದೇ ಲೆಕ್ಕ. ಆ ಆಳದ ಕಕಾರದಲ್ಲಿ 'ಕಲ್ಬ್' ಎಂದರೆ ಹೃದಯ. ನಮ್ಮ ಮಾಮೂಲಿ ಕಕಾರದಲ್ಲಿ 'ಕಲ್ಬ್' ಎಂದರೆ ನಾಯಿ! ಎದುರು ಮನೆಯ ಆ ಹತ್ತು ವರ್ಷದ ಗುರುಗಳು ನನ್ನಿಂದ ಇದನ್ನು ಇಪ್ಪತ್ತು ಸಲ ಹೇಳಿಸಿದರು. ಇಪ್ಪತ್ತು ಸಲವೂ ನಾಯಿಯೇ ಬಂತು.

ಅವರ ಪಠ್ಯಪುಸ್ತಕದ ಹೆಸರು ಕಾಯಿದಾ. ಹೌದು, ನಮ್ಮ ಸರ್ಕಾರಿ 'ಕಾಯಿದೆ'ಯ ಒಡಹುಟ್ಟು! ಅದರಲ್ಲಿ ಮಕ್ಕಳು ಝಬರ್, ಝೇರ್, ಪೇಶ್ ಎಂದು ರಾಗವಾಗಿ ಕೂಗುತ್ತಾರೆ. ನಮ್ಮ ತಲೆಕಟ್ಟು, ಗುಡಿಸು, ಕೊಂಬು ಇದ್ದಂತೆ. ಅರಬಿಯ ಕಾಗುಣಿತ ಎನ್ನಿ. ಈ ಚಿಹ್ನೆಗಳು ಆಮೇಲಿನವು. 2015ರಲ್ಲಿ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಎರಡು ತೊಗಲಿನ ಹಾಳೆಗಳು ಸುದ್ದಿಯಾದದ್ದು ನೆನಪಿರಬಹುದು. ತೊಗಲಿನ ಕಾಲ 568ರಿಂದ 645ರ ನಡುವಿನದು ಎಂದು ಇಂಗಾಲದ ಪರೀಕ್ಷೆ ಹೇಳಿತ್ತು. ಅಷ್ಟು ಹಳೆಯ ಹಾಳೆಗಳಲ್ಲಿ ಸ್ವರಚಿಹ್ನೆಗಳೇ ಇಲ್ಲ. ಬರಿ ವ್ಯಂಜನಗಳ ಅಸ್ಥಿಪಂಜರ. ಓದಬೇಕಾದರೆ ಮೊದಲೇ ಬಾಯಿಗೆ ಬರುತ್ತಿರಬೇಕು! ಬರಹ ನೆನಪಿಗೆ ಊರುಗೋಲು, ಅಷ್ಟೆ.

ಈಗ ಈ ಎಲ್ಲಕ್ಕಿಂತ ದೊಡ್ಡ ಬೆರಗು. ಹನ್ನೆರಡನೆಯ ಅಧ್ಯಾಯ, ಯೂಸುಫ್.

ಕುರ್‌ಆನಿನಲ್ಲಿ ಕಥೆಗಳು ಸಾಮಾನ್ಯವಾಗಿ ಚೂರುಚೂರಾಗಿ ಬರುತ್ತವೆ. ಮೂಸಾ ಹತ್ತಾರು ಕಡೆ ಇಣುಕಿ ಹೋಗುತ್ತಾರೆ. ಯೂಸುಫರ ಕಥೆ ಮಾತ್ರ 111 ಸೂಕ್ತಗಳಲ್ಲಿ ಒಂದೇ ಗುಕ್ಕಿಗೆ. ಹನ್ನೊಂದು ನಕ್ಷತ್ರ, ಸೂರ್ಯ, ಚಂದ್ರ ತನಗೆ ಬಾಗಿದಂತೆ ಹುಡುಗ ಕನಸು ಕಾಣುವುದು 4ನೆಯ ಸೂಕ್ತದಲ್ಲಿ. ಅದು ನನಸಾಗುವುದು ನೂರನೆಯದರಲ್ಲಿ. ಹೊಟ್ಟೆಕಿಚ್ಚಿನ ಅಣ್ಣಂದಿರು ಅವನನ್ನು ಬಾವಿಗೆ ತಳ್ಳುತ್ತಾರೆ. ದಾರಿಹೋಕರ ನೀರಿನಾಳು ಕೊಡ ಇಳಿಬಿಟ್ಟರೆ ಮೇಲೆ ಬರುವುದು ಹುಡುಗ! ಖುಷಿಯಿಂದ ಆ ನೀರಿನಾಳು ಕೂಗುವ ಪದ ಕೇಳಿ ನಾನು ಧ್ವನಿಮುದ್ರಣ ನಿಲ್ಲಿಸಿ ಮತ್ತೆ ಹಾಕಿದೆ. ಗುಲಾಮ್! ಇಸ್ಪೀಟಿನಲ್ಲಿ ರಾಣಿಯ ಕೆಳಗೆ ನಿಂತ ನಮ್ಮ ಗುಲಾಮ. ಈ ಸೂಕ್ತದಲ್ಲಿ ಅದಕ್ಕೆ 'ಹುಡುಗ' ಎಂದಷ್ಟೇ ಅರ್ಥ. ಮುಂದಿನ ಸೂಕ್ತದಲ್ಲೇ ಆ ಹುಡುಗನನ್ನು ಚಿಲ್ಲರೆ ದಿರ್ಹಮಿಗೆ ಮಾರಿಬಿಡುತ್ತಾರೆ. ಹುಡುಗ ಎಂಬ ಪದ ಆಳು ಎಂಬ ಅರ್ಥಕ್ಕೆ ಜಾರಿದ್ದು ಶತಮಾನಗಳ ನಡೆ, ಇಲ್ಲಿ ಅದು ಎರಡು ಸಾಲಿನಲ್ಲಿ ನಡೆದುಹೋದಂತಿದೆ!

ಆಮೇಲೆ ನನಗೆ ಹುಚ್ಚೇ ಹಿಡಿಯಿತು. ಸಂತೆಯಲ್ಲಿ ಊರಿನವರನ್ನು ಹುಡುಕುವಂತೆ ಕನ್ನಡ ಪದಗಳನ್ನು ಹುಡುಕತೊಡಗಿದೆ. ಅಣ್ಣಂದಿರು ಸುಳ್ಳು ನೆತ್ತರು ಬಳಿದು ತಂದೆಗೆ ತೋರಿಸುವ ಅಂಗಿ, ಕಮೀಸ್. ಸಲ್ವಾರಿನ ಜೊತೆಗಿರುವ ನಮ್ಮ ಕಮೀಜು! ಇಡೀ ಕಥೆ ಮೂರು ಅಂಗಿಗಳ ಮೇಲೆ ನಿಂತಿದೆ. ಮೊದಲನೆಯದು ಸುಳ್ಳು ಸಾಕ್ಷಿ. ಎರಡನೆಯದು, ಈಜಿಪ್ಟಿನ ಶ್ರೀಮಂತನ ಹೆಂಡತಿ ಅಟ್ಟಿಸಿಕೊಂಡು ಬಂದಾಗ ಹರಿದದ್ದು. ಹಿಂದುಗಡೆ ಹರಿದಿರುವುದರಿಂದ ಓಡುತ್ತಿದ್ದವನು ಅವನೇ ಎಂದು ತೀರ್ಮಾನವಾಗುತ್ತದೆ, ಪಕ್ಕಾ ಪತ್ತೇದಾರಿ! ಮೂರನೆಯದನ್ನು ಅತ್ತು ಅತ್ತು ಕುರುಡಾದ ತಂದೆಯ ಮುಖದ ಮೇಲೆ ಹಾಕಿದಾಗ ದೃಷ್ಟಿ ಮರಳುತ್ತದೆ. ಅಂಗಿ ಹೊತ್ತ ತಂಡ ಇನ್ನೂ ದೂರದಲ್ಲಿದೆ, ಆಗಲೇ ಮುದುಕನಿಗೆ ಮಗನ ವಾಸನೆ ಬಡಿಯುತ್ತದೆ. ಮನೆಯವರು ಹಳೆಯ ಭ್ರಮೆ ಎನ್ನುತ್ತಾರೆ. ಇದನ್ನು ಬರೆಯುವಾಗಲೂ ನನಗೆ ಗಂಟಲು ಕಟ್ಟುತ್ತಿದೆ.

ಸೆರೆಮನೆಯಲ್ಲಿ ಯೂಸುಫ್ ಜೊತೆಗಾರರಿಗೆ ಆಳ್ವಿಕೆಯ ಅಧಿಕಾರ ದೇವರೊಬ್ಬನದೇ ಎನ್ನುವಾಗ ಬಳಸುವ ಪದ ಹುಕುಂ. ನಮ್ಮ ಬಗರ್ ಹುಕುಂ ಜಮೀನಿನ ಹುಕುಂ! ರಾಜನ ಕನಸಿನ ಏಳು ಸೊರಗಿದ ಹಸುಗಳ ಒಗಟು ಬಿಡಿಸಿದ ಮೇಲೆ ಯೂಸುಫ್ ಕೇಳುವುದು ನಾಡಿನ ಖಜಾನೆಯ ಉಸ್ತುವಾರಿ. ಖಜಾನೆಯೇ! ಅರಬಿ ರೂಪ ಖಝಾಇನ್. ಕಿರಿಮಗನನ್ನು ಕಳಿಸುವಾಗ ತಂದೆ ಆಣೆ ಹಾಕಿಸಿ ದೇವರನ್ನು ಕರೆಯುವ ಹೆಸರು ವಕೀಲ್. ಕೊನೆಗೆ ಕನಸು ನಿಜವಾಯಿತು ಎನ್ನುವಲ್ಲಿ ಆ 'ನಿಜ'ಕ್ಕಿರುವ ಪದ ಹಕ್. ನಾವು ಹಕ್ಕು ಎಂದು ಕಚೇರಿಗೆ ಹೋಗುತ್ತೇವೆ, ಅಲ್ಲಿ ಅದು ಸತ್ಯ. ಅಲ್‌ಫಾತಿಹಾದೊಳಗೆ ಮಾಲೀಕ ಕೂತಿದ್ದಾನೆ. 14ನೆಯ ಅಧ್ಯಾಯದಲ್ಲಿ ಒಳ್ಳೆಯ ಮಾತನ್ನು ಬೇರು ಗಟ್ಟಿಯಿರುವ ಮರಕ್ಕೆ ಹೋಲಿಸುವಾಗ ಆ ಗಟ್ಟಿಗೆ ಬಳಸಿದ್ದು ನಮ್ಮ 'ಸಾಬೀತು'. ಮೊದಲು ಇಳಿದ ಆ 96ನೆಯ ಅಧ್ಯಾಯ? ಲೇಖನಿಯಿಂದ ಕಲಿಸಿದವನು ಎಂದು ದೇವರನ್ನು ಬಣ್ಣಿಸುತ್ತದೆ. ಲೇಖನಿಗೆ ಕಲಂ. ಪೊಲೀಸರು ಕೇಸು ಹಾಕುವ ಕಲಂ ಅದೇ! ಪರ್ಷಿಯನ್, ಉರ್ದು, ಮರಾಠಿಗಳ ಬಾಗಿಲು ಹಾದು, ಸುಲ್ತಾನರ ಪೇಶ್ವೆಗಳ ದಫ್ತರಗಳ ಮೂಲಕ ಈ ಪದಗಳು ನಮ್ಮ ತಾಲೂಕು ಕಚೇರಿಗೆ ಬಂದು ಕೂತಿವೆ. ಅರಬಿಯ ಒಂದಕ್ಷರ ಬಾರದೆಂದು ಹೆದರಿದ್ದೆನಲ್ಲ, ಒಂಬತ್ತು ಪದ ನಾಲಿಗೆಯಲ್ಲೇ ಇದ್ದವು!

ಇಷ್ಟು ಧೈರ್ಯ ಬಂದಮೇಲೆ ಮತ್ತೆ ಅಲ್‌ಬಕರಾಕ್ಕೆ ಹೋದೆ. ಮೊದಲ ಎರಡು ಸಲ ಕೆಲವು ಸಂಗತಿ ತಿಳಿದಿರಲಿಲ್ಲ. ಅಧ್ಯಾಯದ ಹೆಸರು ಅದರ ವಿಷಯಸೂಚಿಯಲ್ಲ, ಗುರುತಿನ ಕುಂಕುಮ. ಬಕರಾ ಎಂದರೆ ಹಸು, ಹಸುವಿನ ಕಥೆ ಇರುವುದು ಏಳೆಂಟು ಸೂಕ್ತದಲ್ಲಿ. ಮಾತಾಡುವವನು ಒಂದೇ ಉಸಿರಿನಲ್ಲಿ ಅವನು, ನಾನು, ನಾವು ಎಂದು ಬದಲಾಗುತ್ತಾನೆ. ಅದು ಗೊಂದಲವಲ್ಲ, ಇಲ್ತಿಫಾತ್ ಎಂದು ಹೆಸರಿರುವ ಅಲಂಕಾರ. ಸಭೆಗೆ ಹೇಳುತ್ತಿದ್ದವನು ತಟ್ಟನೆ ನಿಮ್ಮತ್ತ ತಿರುಗಿದಂತೆ. ಸಾಲಿನ ಮೇಲೆ ಕೂತ ಪುಟ್ಟ ಅಕ್ಷರಗಳು ಉಸಿರಾಟದ ಸಿಗ್ನಲ್‌ಗಳು, ಮೀಮ್ ಇದ್ದರೆ ನಿಲ್ಲಲೇಬೇಕು. ಅತಿ ಉದ್ದದ ಸೂಕ್ತ ಯಾವುದಿರಬಹುದು, ಸ್ವರ್ಗವೋ ನರಕವೋ ಎಂದು ನಾನು ಊಹಿಸಿದ್ದೆ. ಅಲ್ಲ! ಅದು 282ನೆಯದು, ಸಾಲಪತ್ರ ಬರೆಯುವ ಬಗೆ. ಎಷ್ಟೇ ಚಿಕ್ಕ ಸಾಲವಾದರೂ ಅವಧಿ ಹಾಕಿ ಬರೆಸಿ, ಸಾಕ್ಷಿ ಹಾಕಿಸಿ, ಬರೆಯುವವನಿಗೆ ತೊಂದರೆ ಕೊಡಬೇಡಿ. ಈಗ ಪ್ರಚಲಿತವಿರುವ ಎಷ್ಟೋ ಮುದ್ರಣಗಳಲ್ಲಿ ಒಂದಿಡೀ ಪುಟ ತುಂಬಿಕೊಂಡ ಏಕೈಕ ಸೂಕ್ತ!

ಆದರೆ ನಾನಿನ್ನೂ ಅಲ್ಲಿಗೆ ಅರಬಿಯಲ್ಲಿ ತಲುಪಿಲ್ಲ. ನಿಂತಿರುವುದು ಅದೇ ಅಧ್ಯಾಯದ ಮೊದಲ ಸಾಲಿನಲ್ಲಿ. ಅಲಿಫ್, ಲಾಮ್, ಮೀಮ್ ಎಂಬ ಮೂರು ಬಿಡಿ ಅಕ್ಷರಗಳು, ಅಷ್ಟೇ ಒಂದು ಸೂಕ್ತ. ಇಂಥ ಬಿಡಿ ಅಕ್ಷರಗಳಿಂದ ತೊಡಗುವ ಅಧ್ಯಾಯಗಳು 29. ಇವುಗಳ ಅರ್ಥವೇನೆಂದು ಹದಿನಾಲ್ಕು ಶತಮಾನಗಳ ವ್ಯಾಖ್ಯಾನಕಾರರು ಬಗೆಬಗೆಯಾಗಿ ಊಹಿಸಿ, ಕೊನೆಗೆ ಬಹಳಷ್ಟು ಮಂದಿ ದೇವರಿಗೇ ಗೊತ್ತು ಎಂದು ಲೇಖನಿ ಕೆಳಗಿಟ್ಟಿದ್ದಾರೆ. ಕೂಡಿಸಿ ಓದುವಂತಿಲ್ಲ, ಅಕ್ಷರದ ಹೆಸರನ್ನೇ ಒಂದೊಂದಾಗಿ ಹೇಳಬೇಕು. ಅಂದರೆ ಕಾಯಿದಾದ ಮೊದಲ ಪುಟವಷ್ಟೇ ಮುಗಿಸಿದವರೂ ಇದನ್ನು ಪೂರ್ತಿ ಓದಬಲ್ಲರು! ಎದುರು ಮನೆಯ ಗುರುಗಳು ಬೆರಳು ಮಡಿಸಿ ಆರು ಮಾತ್ರೆ ಎಣಿಸುತ್ತ ಲಾಮನ್ನು ಎಳೆಸಿದರು, ಮತ್ತೆ ಆರು ಎಣಿಸುತ್ತ ಮೀಮನ್ನು. "ಇದರ ಅರ್ಥ ಏನಮ್ಮ?" ಎಂದೆ. "ನಮ್ಮ ಉಸ್ತಾದರಿಗೂ ಗೊತ್ತಿಲ್ಲ" ಎಂದಳು ಹೆಮ್ಮೆಯಿಂದ, ಮತ್ತು ಇನ್ನೊಮ್ಮೆ ಓದಲು ಹೇಳಿದಳು.