ಎಳೆಯರ ಮನಸ್ಸೂ ಅದಕ್ಕೊದಗುವ ಆಸರೆಯೂ

ಬೆಂಗಳೂರಿನ ಕೃಷ್ಣರಾಜ ಮಾರುಕಟ್ಟೆಯಿಂದ ಹೊರಟು, ಪುಸ್ತಕದ ಅಂಗಡಿಗಳನ್ನೂ ಬೆಳ್ಳಿಬಂಗಾರದ ಮಳಿಗೆಗಳನ್ನೂ ದಾಟಿ, ಅವೆನ್ಯೂ ರಸ್ತೆಯ ಉದ್ದಕ್ಕೂ ಉತ್ತರಾಭಿಮುಖವಾಗಿ ನಡೆದರೆ ಮೈಸೂರು ಬ್ಯಾಂಕ್ ವೃತ್ತ ಸಿಕ್ಕುವುದು. ಇಂದು ಬ್ಯಾಂಕಿನ ಕಟ್ಟಡ ನಿಂತಿರುವ ಆ ನೆರೆಯಲ್ಲಿಯೇ ಹತ್ತೊಂಬತ್ತನೆಯ ಶತಮಾನದಲ್ಲಿ ಸರ್ಕಾರದ ಹುಚ್ಚಾಸ್ಪತ್ರೆ ಇದ್ದಿತೆಂಬುದನ್ನು ಬಲ್ಲವರು ಈಗ ವಿರಳ. ಪೇಟೆಯ ಗದ್ದಲವನ್ನು ತೊರೆದು 1930ರ ದಶಕದಲ್ಲಿ ಹೊಸೂರು ರಸ್ತೆಯ ವಿಶಾಲವಾದ ಆವರಣಕ್ಕೆ ಸಾಗಿದ ಆ ಆಸ್ಪತ್ರೆಯೂ, 1954ರಲ್ಲಿ ಸ್ಥಾಪಿತವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ 1974ರಲ್ಲಿ ಒಂದುಗೂಡಿ, ನಾವಿಂದು ನಿಮ್ಹಾನ್ಸ್ ಎಂದು ಕರೆಯುವ ಸಂಸ್ಥೆಯಾಯಿತು. ಆ ದೀರ್ಘವಾದ ಹಾದಿಯಲ್ಲಿ ವೈದ್ಯರು ಕೇಳಿಕೊಳ್ಳುವ ಪ್ರಶ್ನೆಯೂ ಬೇರೆಯಾಯಿತು. ರೋಗ ತಲೆದೋರಿದ ಮೇಲೆ ಅದರ ಹೆಸರೇನು, ಮದ್ದೇನು ಎಂದು ವಿಚಾರಿಸುತ್ತಿದ್ದ ಶಾಸ್ತ್ರವು, ಒಂದೇ ವಠಾರದಲ್ಲಿ, ಒಂದೇ ಬಗೆಯ ಬಡತನದಲ್ಲಿ, ಕುಡಿದು ಬರುವ ತಂದೆಯ ಒಂದೇ ಬಗೆಯ ಹೊಡೆತಗಳ ನಡುವೆ ಬೆಳೆದ ಇಬ್ಬರು ಹುಡುಗರಲ್ಲಿ ಒಬ್ಬನು ಹದಿನೆಂಟು ತುಂಬುವಷ್ಟರಲ್ಲಿ ಕುಸಿದು, ಮತ್ತೊಬ್ಬನು ನೆಟ್ಟಗೆ ನಿಲ್ಲುವುದು ಹೇಗೆ ಎಂದು ಈಗ ಕೇಳತೊಡಗಿದೆ.

ಈ ಪ್ರಶ್ನೆಯನ್ನು ನಮ್ಮ ಮಕ್ಕಳನ್ನು ಕುರಿತೇ ಕೇಳಬೇಕೆಂಬ ಸಂಕಲ್ಪದಿಂದ 2016ರಲ್ಲಿ ಆರಂಭವಾದ ಅಧ್ಯಯನಕ್ಕೆ ‘ಸಿ-ವೇದಾ’ ಎಂದು ಹೆಸರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಯೂ ಹಣವೊದಗಿಸಿದ ಈ ಕಾರ್ಯಕ್ಕೆ ನಿಮ್ಹಾನ್ಸಿನ ವಿವೇಕ್ ಬೆನೆಗಲ್ ಹಾಗೂ ಆಗ ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿದ್ದ ಗುಂಟರ್ ಶೂಮನ್ ಮುಂದಾಳುಗಳಾಗಿದ್ದರು. ಬೆಂಗಳೂರು, ಮೈಸೂರು, ಚಂಡೀಗಢ, ಕೋಲ್ಕತ್ತ, ಇಂಫಾಲ, ಋಷಿವ್ಯಾಲಿಗಳಲ್ಲಿ 6ರಿಂದ 23 ವರ್ಷದವರೆಗಿನ 10,000 ಮಂದಿಯನ್ನು ಕಾಣಬೇಕೆಂಬುದು ಗುರಿಯಾಗಿತ್ತು. ಮನೆಯ ಹಿಂಸೆ, ಉಪೇಕ್ಷೆ, ಶಾಲೆಯ ವಾತಾವರಣ, ಮಗುವಿನ ಸ್ವಭಾವ, ನೆನಪು ಮತ್ತು ಏಕಾಗ್ರತೆ, ಇವೆಲ್ಲವನ್ನೂ ವಿಚಾರಿಸಿಕೊಂಡು, ರಕ್ತದಲ್ಲಿ ಆನುವಂಶಿಕತೆಯನ್ನೂ, ದೇಹ ಸೇರಿದ ಸೀಸ ಆರ್ಸೆನಿಕ್‌ಗಳಂಥ ವಿಷಗಳನ್ನೂ, ಕೆಲವರಲ್ಲಿ ಮಿದುಳಿನ ಚಿತ್ರವನ್ನೂ ನೋಡುವ ಕ್ರಮ ಅವರದಾಗಿತ್ತು. ಇಷ್ಟೆಲ್ಲವನ್ನೂ ಒಟ್ಟಿಗೆ ಅಳೆಯುವುದು ಅತಿಯೆಂದು ನನಗೆ ತೋರುವುದಿಲ್ಲ. ಸಾಲವಿರುವ ಮನೆಗೇ ಕುಡಿತವೂ ಕಾಲಿಡುವುದುಂಟು. ಹಳೆಯ ಬ್ಯಾಟರಿ ಒಡೆಯುವ ಕೆಲಸವಿರುವ ಓಣಿಯಲ್ಲಿಯೇ ಶಾಲೆ ಬಿಟ್ಟ ಹುಡುಗರೂ ಇರುವುದುಂಟು. ಕೇಡು ಒಂಟಿಯಾಗಿ ಬರುವುದು ಅಪರೂಪ.

ಆರಂಭದ ವಯಸ್ಸಿಗೆ ಇಷ್ಟು ಮಹತ್ವ ಕೊಡುವುದಕ್ಕೆ ಕಾರಣವಿದೆ. ಜೀವಮಾನದಲ್ಲಿ ಕಾಣಿಸಿಕೊಳ್ಳುವ ಮಾನಸಿಕ ವ್ಯಾಧಿಗಳಲ್ಲಿ ಅರ್ಧದಷ್ಟು 14ನೆಯ ವಯಸ್ಸಿನೊಳಗೂ, ಮುಕ್ಕಾಲು ಪಾಲು 24ರೊಳಗೂ ಮೊಳೆಯುವುವೆಂದು ಅಮೆರಿಕದ ರೊನಾಲ್ಡ್ ಕೆಸ್ಲರ್ ಮತ್ತು ಸಂಗಡಿಗರು 2005ರಲ್ಲಿ ತೋರಿಸಿದರು. ನಿಮ್ಹಾನ್ಸ್ 2015-16ರಲ್ಲಿ ಹನ್ನೆರಡು ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ 13ರಿಂದ 17 ವರ್ಷದವರಲ್ಲಿ ಶೇಕಡ 7.3 ಮಂದಿಗೆ ಇಂಥ ತೊಂದರೆ ಇದ್ದಿತು. ಐವತ್ತು ಮಕ್ಕಳ ತರಗತಿಯಲ್ಲಿ ಮೂವರೋ ನಾಲ್ವರೋ ಎಂದಾಯಿತು. ಮೇಷ್ಟರ ಕಣ್ಣಿಗೆ ಅವರು ಸೋಮಾರಿಗಳು, ಇಲ್ಲವೆ ತಂಟೆಕೋರರು.

ಅಂಕಿಗಳ ಹಿಂದಿನ ಬಾಳನ್ನು ಕಾಣಬೇಕಾದರೆ ನಸುಕಿನ ನಾಲ್ಕು ಗಂಟೆಗೆ ಮಾರುಕಟ್ಟೆಗೆ ಬರಬೇಕು. ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರು ಹೊತ್ತು 1928ರಲ್ಲಿ ಎದ್ದ ಈ ಕಟ್ಟಡದ ನೆಲಮಟ್ಟದಲ್ಲಿ ಚೆಂಡುಹೂವಿನ ಮೂಟೆಗಳನ್ನು ಹುಡುಗರು ಬೆನ್ನ ಮೇಲೆ ಹೊತ್ತು ಇಳಿಸುತ್ತಿರುವರು; ಸೇವಂತಿಗೆ, ಕನಕಾಂಬರ, ಸುಗಂಧರಾಜಗಳ ರಾಶಿಗಳ ನಡುವೆ ಹೆಂಗಸರು ಹೂ ಕಟ್ಟುತ್ತ, ಕಟ್ಟಿದ್ದನ್ನು ಮೊಳದಲ್ಲಿ ಅಳೆಯುತ್ತ ಕುಳಿತಿರುವರು. ಹಾಗೊಂದು ಬೆಳಗ್ಗೆ, ಹದಿನೈದರ ಹುಡುಗನೊಬ್ಬ ಮತ್ತೊಂದು ಮೂಟೆಗೆ ಕೈಹಾಕಿದ್ದನ್ನು ಕಂಡ ಮುದುಕಿಯೊಬ್ಬಳು ಕಟ್ಟುತ್ತಿದ್ದ ದಾರವನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದೇ ಗದರಿದಳು: “ಪರೀಕ್ಷೆ ಐತಲ್ವೇನೋ ಇವತ್ತು? ಸಾಕು ಬಿಡು. ಮುಖ ತೊಳ್ಕೊ, ಎರಡು ಇಡ್ಲಿ ತಿನ್ನು, ಹೋಗು.” ಅವನು “ಇದೊಂದೇ ಅಜ್ಜೀ” ಎಂದ. “ಒಂದೂ ಇಲ್ಲ, ಅರ್ಧವೂ ಇಲ್ಲ,” ಎಂದು ಅವಳು ಮಡಿಲ ಚೀಲದಿಂದ ಹತ್ತರ ನೋಟುಗಳನ್ನು ತೆಗೆದು ಎಣಿಸಿ ಕೊಟ್ಟಳು. ಆಕೆ ಅವನ ಬಂಧುವಲ್ಲ. ಪಕ್ಕದ ಜಾಗದಲ್ಲಿ ಹೂ ಕಟ್ಟುವವಳು.

ಪೆಸಿಫಿಕ್ ಸಾಗರದ ನಡುವೆ ಹವಾಯಿ ದ್ವೀಪಸಮೂಹದ ಕವಾಯಿಯಲ್ಲಿ 1955ರಲ್ಲಿ ಹುಟ್ಟಿದ 698 ಶಿಶುಗಳನ್ನು ನಾಲ್ಕು ದಶಕಗಳ ಕಾಲ ಹಿಂಬಾಲಿಸಿದ ಎಮ್ಮಿ ವರ್ನರ್ ಎಂಬ ವಿದುಷಿ ಕಂಡದ್ದೂ ಇಂಥವರನ್ನೇ. ದಾರಿದ್ರ್ಯ, ಮನೆಯ ಕಲಹ, ಹೆತ್ತವರ ಕುಡಿತ ಅಥವಾ ಕಾಯಿಲೆ, ಹೀಗೆ ಹಲವು ಗಂಡಾಂತರಗಳ ನಡುವೆ ಹುಟ್ಟಿದ ಮಕ್ಕಳಲ್ಲಿ ಮೂರರಲ್ಲೊಂದು ಪಾಲು ಸಮರ್ಥರೂ ಪ್ರೀತಿವಂತರೂ ಆಗಿ ಬೆಳೆದರು. ಅವರ ಬಾಳಿನಲ್ಲಿ ಮತ್ತೆ ಮತ್ತೆ ಕಂಡುಬಂದುದು, ತಂದೆತಾಯಿಯರಲ್ಲದಿದ್ದರೂ ಅಜ್ಜಿಯೋ ಶಿಕ್ಷಕಿಯೋ ನೆರೆಯವರೋ, ಮಗುವನ್ನು ತನ್ನದೆಂದು ಎಣಿಸಿದ ಒಬ್ಬ ಹಿರಿಯ ಜೀವ.

ಬೆಂಗಳೂರಿನ ಚಾಮರಾಜಪೇಟೆ, ಬಸವನಗುಡಿಗಳ ಹಳಬರಿಗೆ ಇದು ಹೊಸತಾಗಿ ಕೇಳಿಸಲಾರದು. ಹಳ್ಳಿಯಿಂದ ಓದಲು ಬಂದ ಬಡ ಹುಡುಗರು ದಿನಕ್ಕೊಂದು ಮನೆಯಂತೆ ವಾರಾನ್ನ ಉಂಡು ಹೈಸ್ಕೂಲು, ಕಾಲೇಜು ಮುಗಿಸಿದ ಊರು ಇದು. ಉಂಡ ಅನ್ನಕ್ಕಿಂತ, ಸೋಮವಾರ ಬಾರದಿದ್ದರೆ “ಯಾಕೋ ಬರಲಿಲ್ಲ?” ಎಂದು ಕೇಳುವ ತಾಯಿಯೊಬ್ಬಳಿದ್ದಳೆಂಬುದೇ ಅವರನ್ನು ಕಾಪಾಡಿರಬೇಕು. ಆದರೆ ಆ ಬಾಗಿಲುಗಳು ಬಹುಮಟ್ಟಿಗೆ ಸ್ವಜಾತಿಯ ಹುಡುಗರಿಗೆ ಮಾತ್ರವೇ ತೆರೆದಿದ್ದುವೆಂಬುದನ್ನು ಮರೆತು ಆ ಕಾಲವನ್ನು ಕೊಂಡಾಡುವುದು ಅನ್ಯಾಯ. ಹೊರಗುಳಿದವರಿಗೆ ಉಚಿತ ವಿದ್ಯಾರ್ಥಿನಿಲಯಗಳೂ, ಮುಂದೆ ಸರ್ಕಾರದ ಹಾಸ್ಟೆಲುಗಳೂ ಬೇಕಾದುವು. ಯುವಜನರಿಗಾಗಿ ರಾಜ್ಯ ಸರ್ಕಾರವು ನಿಮ್ಹಾನ್ಸಿನೊಡನೆ ನಡೆಸುವ ‘ಯುವ ಸ್ಪಂದನ’, 2022ರಲ್ಲಿ ಮೊದಲಾದ ಟೆಲಿ-ಮನಸ್ ಎಂಬ 14416ರ ಸಹಾಯವಾಣಿ, ಇವು ಈ ಕಾಲದ ಬಾಗಿಲುಗಳು. ತಟ್ಟುವವರ ಜಾತಿ ಕೇಳದಿರುವುದು ಇವುಗಳ ಹಿರಿಮೆ.

ನನ್ನನ್ನು ಕಾಡುವ ಆತಂಕವೊಂದನ್ನು ಇಲ್ಲಿ ಹೇಳಲೇಬೇಕು. ಚೇತರಿಸಿಕೊಳ್ಳುವ ಶಕ್ತಿಯನ್ನು ಮಗುವಿನ ಹುಟ್ಟುಗುಣವೆಂದು ಬಗೆದರೆ, ಕುಸಿದ ಮಗುವಿನ ಮೇಲೆಯೇ ತಪ್ಪು ಹೊರಿಸಿ, ಮೂಟೆಯನ್ನು ಅದರ ಬೆನ್ನ ಮೇಲೆಯೇ ಬಿಟ್ಟು ಸುಮ್ಮನಿರುವುದು ಸಮಾಜಕ್ಕೆ ಸುಲಭವಾಗುವುದು. ಆ ಶಕ್ತಿ ಎಷ್ಟು ಪಾಲು ಮಗುವಿನದು, ಎಷ್ಟು ಪಾಲು ಸುತ್ತಲಿನವರದು ಎಂದು ಬಿಡಿಸಿ ನೋಡುವುದಕ್ಕೆ ಒಂದು ಸಲದ ಸಮೀಕ್ಷೆ ಸಾಲದು. ಅದೇ ಮಗುವನ್ನು ವರ್ಷಾಂತರಗಳಲ್ಲಿ ಮರಳಿ ಮರಳಿ ಕಾಣಬೇಕು. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1997-98ರಲ್ಲಿ ಬಸುರಿಯರ ಮಧುಮೇಹವನ್ನು ಅರಿಯಲೆಂದು ತೊಡಗಿದ ಅಧ್ಯಯನದಲ್ಲಿ ಆಗ ಹುಟ್ಟಿದ ಮಕ್ಕಳನ್ನು ಜಿ. ವಿ. ಕೃಷ್ಣವೇಣಿ ಮತ್ತು ಸಂಗಡಿಗರು ಬಿಡದೆ ಕಂಡುಕೊಂಡು ಬಂದರು; ಹದಿಮೂರು ಹದಿನಾಲ್ಕರ ವಯಸ್ಸಿನಲ್ಲಿ ಅಪರಿಚಿತರ ಮುಂದೆ ಭಾಷಣ ಮಾಡಿಸಿ, ಲೆಕ್ಕ ಹೇಳಿಸಿ, ಒತ್ತಡಕ್ಕೆ ದೇಹ ಓಗೊಡುವ ಬಗೆಯನ್ನು ಜೊಲ್ಲಿನಲ್ಲಿ ಅಳೆದರು; ಆ ಮಕ್ಕಳ ಬಳಗವೇ ಮುಂದೆ ಸಿ-ವೇದಾದಲ್ಲಿಯೂ ಸೇರಿತು. ಮೂವತ್ತರ ಹೊಸ್ತಿಲಲ್ಲಿರುವ ಅವರನ್ನು ಇಷ್ಟು ಕಾಲ ಹಿಡಿದಿಟ್ಟುದು ಯಂತ್ರವಲ್ಲ, ಮನೆಮನೆಗೆ ಹೋಗಿ ಹೆಸರು ಹಿಡಿದು ಕರೆಯಬಲ್ಲ ಕಾರ್ಯಕರ್ತರು. ಬಾಡಿಗೆ ಏರಿದಾಗಲೆಲ್ಲ ಓಣಿ ಬದಲಿಸುವ ಮಾರುಕಟ್ಟೆಯ ಕೂಲಿಯವರ ಮಕ್ಕಳು ಇಂಥ ಅಧ್ಯಯನಗಳ ಕೈಗೆ ಮೊದಲು ತಪ್ಪಿಹೋಗುವವರು. ಗಂಡಾಂತರ ಹೆಚ್ಚಿರುವುದೂ ಅವರಿಗೇ. ಅವರನ್ನು ಹುಡುಕಿಕೊಂಡು ಹೋಗುವ ಕಾರ್ಯಕರ್ತರಿಗೆ ಮುಂದಿನ ಇಪ್ಪತ್ತು ವರ್ಷಗಳ ಸಂಬಳವನ್ನು ಈಗಲೇ ಗೊತ್ತುಮಾಡಿಡಬೇಕು.