ಮೊಬೈಲ್‌ನಲ್ಲಿ ಟಿವಿ ನೋಡಿದರೆ ಖರ್ಚೇ ಇಲ್ಲವೇ?

ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಮನೆಗಳಲ್ಲೂ ಧಾರಾವಾಹಿ, ಕ್ರಿಕೆಟ್ ಈಗ ಮೊಬೈಲ್‌ಗೆ ಬಂದಿವೆ. ‘ಇನ್ನು ಡಿಶ್ ಬೇಡ, ಮೊಬೈಲ್‌ನಲ್ಲಿ ಎಲ್ಲ ಉಚಿತ’ ಎನ್ನುವುದು ನಿಜವೇ? ನಾವು ಹೇಳುವುದು: ಪೂರ್ತಿ ನಿಜವಲ್ಲ.

ಡಿಶ್‌ಗೆ ಬರುವುದು ಸುಮಾರು 36,000 ಕಿ.ಮೀ. ಎತ್ತರದ ಉಪಗ್ರಹದ ಸಿಗ್ನಲ್. ಇಸ್ರೋದ ಇಂಥ ಉಪಗ್ರಹಗಳನ್ನು ನಿಯಂತ್ರಿಸುವ ಕೇಂದ್ರ ನಮ್ಮ ಹಾಸನದಲ್ಲೇ ಇದೆ. ಒಂದೇ ಸಿಗ್ನಲ್ ಎಲ್ಲ ಮನೆಗೂ ಸಾಕು. ಎಷ್ಟು ಹೊತ್ತು ನೋಡಿದರೂ ಡೇಟಾ ಖರ್ಚಿಲ್ಲ.

ಮೊಬೈಲ್‌ನಲ್ಲಿ ಪ್ರತಿ ಫೋನಿಗೂ ವಿಡಿಯೊ ಬೇರೆಯಾಗಿಯೇ ಬರಬೇಕು. ಒಂದೇ ಟವರ್‌ನಡಿ ಎಲ್ಲರೂ ಮ್ಯಾಚ್ ಹಾಕಿದರೆ ಚಿತ್ರ ನಿಂತು ನಿಂತು ಬರುತ್ತದೆ. ಎಚ್‌ಡಿಯಲ್ಲಿ ಗಂಟೆಗೆ 1ರಿಂದ 3 ಜಿಬಿ ಡೇಟಾ ಖರ್ಚಾಗಬಹುದು.

ಡಿಡಿ ಫ್ರೀ ಡಿಶ್‌ಗೆ ತಿಂಗಳ ಶುಲ್ಕವಿಲ್ಲ, ಚಂದನವೂ ಅದರಲ್ಲಿದೆ. ಡಿಶ್ ತೆಗೆಸುವ ಮೊದಲು ಲೆಕ್ಕ ಹಾಕಿ. ‘ಉಚಿತ ರೀಚಾರ್ಜ್’ ಎಂಬ ಲಿಂಕ್ ಬಂದರೆ ಒತ್ತಬೇಡಿ, ಫಾರ್ವರ್ಡ್ ಮಾಡಬೇಡಿ.