ಟ್ಯಾಂಕರ್ ಪಲ್ಟಿಯಾದಲ್ಲಿಗೆ ಓಡಬೇಡಿ

ಪಣಂಬೂರು, ಬೈಕಂಪಾಡಿ, ಸುರತ್ಕಲ್ ಕಡೆಯ ನಮ್ಮವರಿಗೆ ಗ್ಯಾಸ್ ಟ್ಯಾಂಕರ್ ಅಂದರೆ ಸಿಟಿ ಬಸ್ಸಿನಷ್ಟೇ ಮಾಮೂಲು. ಹೆದ್ದಾರಿ ಬದಿಯಲ್ಲಿ ಸಾಲಾಗಿ ನಿಂತರೂ ಯಾರೂ ತಿರುಗಿ ನೋಡುವುದಿಲ್ಲ. ಆದರೆ 2012ರ ಆಗಸ್ಟ್ 27ರ ರಾತ್ರಿ ಕಣ್ಣೂರಿನ ಚಾಲದಲ್ಲಿ ಪಲ್ಟಿಯಾಗಿ ಸ್ಫೋಟಿಸಿದ್ದು ಮಂಗಳೂರಿನಿಂದ ಹೊರಟ ಟ್ಯಾಂಕರೇ. 20 ಮಂದಿ ತೀರಿಹೋದರು, ಹೆಚ್ಚಿನವರು ರಸ್ತೆ ಬದಿಯ ಮನೆಯವರು. ಎಂಟು ತಿಂಗಳು ತುಂಬುವ ಮೊದಲೇ, 2013ರ ಏಪ್ರಿಲ್ 9ರಂದು, ಉಪ್ಪಿನಂಗಡಿ ಹತ್ತಿರದ ಪೆರ್ನೆಯಲ್ಲೂ ಅದೇ ಗತಿ.

ಅಪಾಯದ ಲೆಕ್ಕ ಹಾಕುವುದು ಕಂಪೆನಿ, ಪೊಲೀಸರ ಕೆಲಸ ಅಂತ ನಾವು ಸುಮ್ಮನೆ ಕೂತರೆ ಆಗದು. ಟ್ಯಾಂಕರ್ ಎಷ್ಟು ಗಟ್ಟಿ ಎಂಬುದರ ಜೊತೆ, ಅದು ಮಗುಚಿದ ಜಾಗದಲ್ಲಿ ಎಷ್ಟು ಮನೆ, ಎಷ್ಟು ಒಲೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಎಲ್‌ಪಿಜಿ ಗಾಳಿಗಿಂತ ಭಾರ. ಮೇಲೇರಿ ಚದುರದೆ ನೆಲ ಹಿಡಿದು ಚರಂಡಿಗೆ, ತಗ್ಗಿನ ಅಂಗಳಕ್ಕೆ ಹರಿಯುತ್ತದೆ. ಒಂದು ಲೀಟರ್ ದ್ರವ ಸುಮಾರು 250 ಲೀಟರ್ ಅನಿಲವಾಗುತ್ತದೆ. ಒಲೆಯೇ ಬೇಕೆಂದಿಲ್ಲ, ಸ್ವಿಚ್ಚಿನ ಕಿಡಿ ಸಾಕು.

ಟ್ಯಾಂಕರಿನ ಫಲಕದಲ್ಲಿ 1075 ಅಂತ ಇದ್ದರೆ ಎಲ್‌ಪಿಜಿ, 1203 ಇದ್ದರೆ ಪೆಟ್ರೋಲ್. ಮಕ್ಕಳಿಗೂ ಇದನ್ನು ಹೇಳಿಕೊಡಿ. ನಮ್ಮ ಹುಡುಗರಿಗೋ, ಪಲ್ಟಿ ಅಂತ ಸುದ್ದಿ ಬಂದರೆ ಸಾಕು, ಮೊಬೈಲ್ ಹಿಡಿದು ಬೈಕ್ ಸ್ಟಾರ್ಟ್. ಸಹಾಯದ ಮನಸ್ಸೇ ಇರಬಹುದು, ಆದರೆ ಬೈಕಿನಲ್ಲೂ ಕಿಡಿ ಇದೆಯಲ್ಲಾ! ವಾಸನೆ ಬಂದರೆ ಲೈಟಿನ ಸ್ವಿಚ್ ಮುಟ್ಟದೆ, ಮಕ್ಕಳನ್ನೂ ವಯಸ್ಸಾದವರನ್ನೂ ಕರೆದುಕೊಂಡು ಟ್ಯಾಂಕರಿನಿಂದ ದೂರ, ಎತ್ತರದ ಜಾಗಕ್ಕೆ ನಡೆಯಿರಿ. ಗಾಳಿ ಟ್ಯಾಂಕರ್ ಕಡೆಯಿಂದ ಬೀಸುತ್ತಿದ್ದರೆ ಅಡ್ಡಕ್ಕೆ ಸರಿಯಿರಿ. ದೂರ ಹೋದ ಮೇಲೆಯೇ 112ಕ್ಕೆ ಫೋನ್ ಮಾಡಿ, ಫಲಕದ ನಂಬರ್ ಕಂಡಿದ್ದರೆ ಅದನ್ನೂ ಹೇಳಿ.